ಕುಕ್ಕರ್ ಕೂಗಿದರೆ ಮಗ ಮನೆ ಬಿಟ್ಟು ಹೋಗುತ್ತಿದ್ದ

ಮೊದಲನೇ ಸಲ ಅವನು ಹಾಗೆ ಎದ್ದು ಹೋದಾಗ ನನಗೆ ಬಂದಿದ್ದು ಸಿಟ್ಟು. ರಾತ್ರಿ ಎಂಟು ಗಂಟೆ. ಬೇಳೆ ಬೇಯಲು ಇಟ್ಟಿದ್ದೆ. ಮಗ ಹಾಲ್‌ನಲ್ಲಿ ಕೂತು ಲೆಕ್ಕ ಮಾಡುತ್ತಿದ್ದ. ಕುಕ್ಕರ್ ಒಂದು ಸಲ ಕೂಗಿತು. ಅವನು ಪುಸ್ತಕ ಎಸೆದ, ಚಪ್ಪಲಿ ಮೆಟ್ಟಿದ, ಬಾಗಿಲು ಧಡಾರ್ ಎಂದು ಹಾಕಿಕೊಂಡು ಹೊರಟೇ ಹೋದ. ಬಂದಿದ್ದು ಮುಕ್ಕಾಲು ಗಂಟೆ ಬಿಟ್ಟು. "ಎಲ್ಲಿ ಹೋಗಿದ್ದೆ?" ಅಂದೆ. "ಎಲ್ಲಿಗೂ ಇಲ್ಲ." "ಇದೆಂಥ ಧಿಮಾಕು ನಿಂದು?" ಎಂದು ನಾನೂ ಕೂಗಾಡಿದೆ. ಅಕ್ಕಪಕ್ಕದ ಮನೆಗೆಲ್ಲ ಕೇಳಿಸಿರಬೇಕು.

ಧಿಮಾಕು ಅಂತಲೇ ನಾನು ಮೂರು ತಿಂಗಳು ತಿಳಿದಿದ್ದೆ. ಆ ಮೂರು ತಿಂಗಳ ಬಗ್ಗೆ ಬರೆಯಬೇಕು ಎಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಮಗನನ್ನೇ ಕೇಳಿದೆ. "ಬರಿ, ಆದ್ರೆ ಯಾರ ಹೆಸರೂ ಹಾಕಬೇಡ" ಅಂದ. ಹಾಗಾಗಿ ಇಲ್ಲಿ ಹೆಸರುಗಳಿಲ್ಲ. ಮನೆಯಲ್ಲಿ ನಾವು ಆಡುವ ಕುಂದಾಪ್ರ ಮಾತನ್ನೂ ಎಲ್ಲರಿಗೂ ತಿಳಿಯುವ ಹಾಗೆ ಬದಲಿಸಿದ್ದೇನೆ.

ನಾನು ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು 18 ವರ್ಷವಾಯಿತು. ನನ್ನ ಗಂಡ ಮತ್ತು ಭಾವ ಸೇರಿ ಕಲ್ಯಾಣದಲ್ಲಿ ಚಿಕ್ಕ ಹೋಟೆಲ್ ನಡೆಸುತ್ತಾರೆ. ಎಂಟು ಟೇಬಲ್, ಒಂದು ದೋಸೆ ಕಾವಲಿ, ಬಾಗಿಲ ಪಕ್ಕದಲ್ಲಿ ಗಲ್ಲಾ. ಮಗನಿಗೆ ಭಾನುವಾರ ಸಂಜೆ ಗಲ್ಲಾದಲ್ಲಿ ಕೂರುವುದೆಂದರೆ ಖುಷಿ. ಚಿಲ್ಲರೆ ಎಣಿಸುವುದರಲ್ಲಿ ಅವನು ಅಪ್ಪನಿಗಿಂತ ಚುರುಕು. ಅಲ್ಲಿ ದೋಸೆ ಹಾಕುವವರು ಬೈಂದೂರು ಕಡೆಯವರು. ಮಗ ಅವರನ್ನು ಮಾತು ಕಲಿತಾಗಿನಿಂದ 'ದೋಸೆ ಅಣ್ಣ' ಎಂದೇ ಕರೆಯುತ್ತಾನೆ. ಅವನಿಗೆ ಮಾತ್ರ ಕಾವಲಿಯ ಮೇಲೆ ಆನೆ, ಮೀನಿನ ಆಕಾರದ ದೋಸೆ ಹಾಕಿಕೊಟ್ಟವರು ಅವರು.

2024ರ ಜುಲೈ 28. ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗ್‌ನಲ್ಲಿ ಮನು ಭಾಕರ್ ಕಂಚು ಗೆದ್ದ ಭಾನುವಾರ. ಮಗನಿಗೆ ಆಗ 14, ಒಂಬತ್ತನೇ ಕ್ಲಾಸು. ಸಂಜೆ ಗಲ್ಲಾದಲ್ಲಿ ಕೂತು ಫೋನ್‌ನಲ್ಲಿ ಅದೇ ವಿಡಿಯೋ ನೋಡುತ್ತಿದ್ದನಂತೆ. ಹೊರಗೆ ಜೋರು ಮಳೆ. ಎರಚಲು ಬರುತ್ತದೆ ಎಂದು ಅಡುಗೆಕೋಣೆಯ ಹಿಂಬಾಗಿಲು ಮುಚ್ಚಿದ್ದರು. ಸಿಲಿಂಡರಿನಿಂದ ಒಲೆಗೆ ಹೋಗುವ ರಬ್ಬರ್ ಪೈಪು ಎಲ್ಲೋ ಸೀಳಿತ್ತು. ಆರೂವರೆಗೆ ದೋಸೆ ಅಣ್ಣ ಎರಡನೇ ಒಲೆ ಹೊತ್ತಿಸಲು ಹೋದರು. ಭುಗ್ ಎಂದು ನೆಲದಿಂದಲೇ ಬೆಂಕಿ ಎದ್ದಿತು. ಸಿಲಿಂಡರ್ ಸಿಡಿಯಲಿಲ್ಲ, ದೇವರು ದೊಡ್ಡವನು. ಆದರೆ ಅವರ ಎರಡೂ ಕಾಲು, ಬಲಗೈ ಸುಟ್ಟವು. ಮಗ ಗಲ್ಲಾ ಬಿಟ್ಟು ಓಡಿ ಬಂದು ಬಾಗಿಲಲ್ಲಿ ನಿಂತು ಎಲ್ಲ ನೋಡಿದ. ಗಂಡ ಒದ್ದೆ ಗೋಣಿ ಹಾಕಿದ್ದು, ಅವರನ್ನು ನಲ್ಲಿಯ ಕೆಳಗೆ ಕೂರಿಸಿದ್ದು, ಅವರು ಕೂಗಿದ್ದು, ಎಲ್ಲ.

ಇನ್ನೊಂದು ವಿಷಯ ಹೇಳಬೇಕು. ಅದಕ್ಕೆ ಎರಡು ತಿಂಗಳು ಮೊದಲು, ಮೇ 23ರ ಮಧ್ಯಾಹ್ನ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಸ್ಫೋಟವಾಗಿತ್ತು. ಹತ್ತಕ್ಕೂ ಜಾಸ್ತಿ ಜನ ಸತ್ತರು. ಸುತ್ತಲಿನ ಎಷ್ಟೋ ಕಟ್ಟಡಗಳ ಕಿಟಕಿ ಗಾಜು ಪುಡಿಯಾಯಿತು. 2016ರ ಮೇ 26ರಂದೂ ಅಲ್ಲಿ ಇಂಥದ್ದೇ ದುರಂತ ಆಗಿತ್ತು. ಈ ಊರಿನವರಿಗೆ 'ಧಡ್' ಅಂದರೆ ಕಿವಿ ನೆಟ್ಟಗಾಗುತ್ತದೆ. ಬೇಸಿಗೆ ರಜೆ, ಮಗ ಅವತ್ತು ಮನೆಯಲ್ಲೇ ಇದ್ದ. ನಮ್ಮ ಕಿಟಕಿ ಒಡೆಯಲಿಲ್ಲ, ಗಡಗಡ ನಡುಗಿತು. ಅವನು ಓಡಿ ಬಂದು ನನ್ನ ಕೈ ಹಿಡಿದಿದ್ದ. ಆಮೇಲೆ ಕೈ ಬಿಟ್ಟು ನಕ್ಕಿದ್ದ. ಅದು ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆವು. ಒಂದು ಪೆಟ್ಟು ಮಾಯುವ ಮೊದಲೇ ಇನ್ನೊಂದು ಬಿದ್ದರೆ ಮಕ್ಕಳಿಗೆ ತಡೆದುಕೊಳ್ಳುವುದು ಕಷ್ಟ ಎಂದು ಆಮೇಲೆ ತಿಳಿಯಿತು.

ದೋಸೆ ಅಣ್ಣ ಐರೋಳಿಯ ಬರ್ನ್ಸ್ ಆಸ್ಪತ್ರೆಯಲ್ಲಿ 24 ದಿನ ಇದ್ದರು. ಗಂಡನಿಗೆ ಆಸ್ಪತ್ರೆ, ಪೊಲೀಸ್ ಸ್ಟೇಷನ್, ಮುಚ್ಚಿದ ಹೋಟೆಲ್, ಸಾಲ. ಮನೆಯಲ್ಲಿ ದೊಡ್ಡವರೆಲ್ಲ ಸೇರಿ ಒಂದು ತೀರ್ಮಾನ ಮಾಡಿದೆವು. ಮಗನ ಮುಂದೆ ಈ ವಿಷಯ ಎತ್ತುವುದು ಬೇಡ. ಮರೆತುಬಿಡುತ್ತಾನೆ. ಅವನು ಕೋಣೆಗೆ ಬಂದರೆ ನಾವು ಮಾತು ನಿಲ್ಲಿಸುತ್ತಿದ್ದೆವು. ಫೋನ್ ಬಂದರೆ ಗಂಡ ಬಾಲ್ಕನಿಗೆ ಹೋಗುತ್ತಿದ್ದರು. ನಾವು ಮಾಡಿದ ದೊಡ್ಡ ತಪ್ಪು ಇದೇ. ಒಳ್ಳೆಯ ಮನಸ್ಸಿನಿಂದಲೇ ಮಾಡಿದೆವು. ಅವನಿಗೆ ಮಾತ್ರ ಅದು ಬೇರೆ ಥರ ಕಾಣಿಸಿತ್ತು.

ಅವನ ರೀತಿ ನಿಧಾನಕ್ಕೆ ಬದಲಾಯಿತು. ಸಣ್ಣ ಸಣ್ಣ ವಿಷಯ. ರಾತ್ರಿ ಎರಡು ಗಂಟೆಗೆ ಲೈಟ್ ಹಾಕಿಕೊಂಡು ಕೂತಿರುತ್ತಿದ್ದ. ಬೆಳಿಗ್ಗೆ ಏಳುತ್ತಿರಲಿಲ್ಲ. ವಾರಕ್ಕೆ ಎರಡು ದಿನ ಹೊಟ್ಟೆನೋವು ಎಂದು ಶಾಲೆ ತಪ್ಪಿಸುತ್ತಿದ್ದ. ಫ್ರೆಂಡ್ಸ್ ಕರೆದರೆ ಹೋಗುತ್ತಿರಲಿಲ್ಲ. ತಂಗಿ ಅವನ ಪೆನ್ನು ಮುಟ್ಟಿದ್ದಕ್ಕೆ ತಲೆಗೆ ಹೊಡೆದ. ಅವನಿಗೆ ಇಷ್ಟವಾದ ಎಲೆಕೋಸಿನ ಪಲ್ಯ ತಟ್ಟೆಯಲ್ಲಿ ಕಂಡರೆ ತಟ್ಟೆ ತಳ್ಳಿ ಎದ್ದು ಹೋಗುತ್ತಿದ್ದ. ಆ ವರ್ಷ ಸೆಪ್ಟೆಂಬರ್ 7ಕ್ಕೆ ಚೌತಿ. ನಮ್ಮ ಬೀದಿಯ ಗಣಪತಿ ತರುವಾಗ ಪಟಾಕಿ ಸರ ಹಚ್ಚಿದರು. ಹಿಂದಿನ ವರ್ಷ ಢೋಲಿನ ಮುಂದೆ ಕುಣಿದಿದ್ದ ಹುಡುಗ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡ. ನಾನು ಹೊರಗೆ ನಿಂತು, "ಜನ ಏನಂದ್ಕೊಳ್ತಾರೆ, ಬಾ" ಎಂದು ಬಾಗಿಲು ಬಡಿದೆ. ಆ ಸದ್ದೂ ಅವನಿಗೆ ಎಷ್ಟು ಹಿಂಸೆ ಆಗಿರಬೇಕು ಎಂದು ನೆನೆದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ಎಲ್ಲರೂ ಒಂದೊಂದು ಹೇಳಿದರು. "ಹರೆಯ ಅಲ್ವಾ, ಹಾಗೇ" ಅಂದರು ಪಕ್ಕದ ಮನೆಯವರು. "ಫೋನ್ ಕಿತ್ಕೊಳ್ಳಿ" ಅಂದ ನನ್ನ ತಮ್ಮ. ಅತ್ತೆ ದೃಷ್ಟಿ ತೆಗೆದರು, ಊರಿನಿಂದ ದೇವರ ನೂಲು ತರಿಸಿ ಕಟ್ಟಿದರು. ಅತ್ತೆ ಇನ್ನೊಂದು ಕೆಲಸವನ್ನೂ ಮಾಡಿದರು. ರಾತ್ರಿ ಅವನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಲು ಶುರು ಮಾಡಿದರು. ಏನೂ ಕೇಳಲಿಲ್ಲ. ಅವನು ಬೆಚ್ಚಿ ಎದ್ದರೆ "ನಾನಿದ್ದೆ ಮಗಾ" ಎಂದು ಕಾಲು ಒತ್ತುತ್ತಿದ್ದರು. ನಮ್ಮೆಲ್ಲರಿಗಿಂತ ಮೊದಲು ಸರಿಯಾದದ್ದನ್ನು ಮಾಡಿದವರು ಅವರೇ.

ಅಕ್ಟೋಬರ್‌ನಲ್ಲಿ ಶಾಲೆಯಿಂದ ಕರೆ ಬಂತು. ಲ್ಯಾಬ್‌ನಲ್ಲಿ ಬರ್ನರ್ ಹಚ್ಚುವಾಗ ಪಕ್ಕದ ಹುಡುಗ ತಮಾಷೆಗೆ "ಬೂಮ್" ಎಂದು ಕಿರುಚಿದ್ದ. ನನ್ನ ಮಗ ಅವನನ್ನು ತಳ್ಳಿದ. ಆ ಹುಡುಗನ ತುಟಿ ಒಡೆದಿತ್ತು. "ನಿಮ್ಮ ಹುಡುಗ ಕೈ ಮೀರುತ್ತಿದ್ದಾನೆ" ಅಂದರು. ಮನೆಯಲ್ಲಿ ಏನಾಗಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಗೆ ಬಂದು ಅವನ ಫೋನ್ ತೆಗೆದುಕೊಂಡೆ. ಅದರಲ್ಲಿ ಏನೇನು ನೋಡಿದ್ದಾನೆ ಎಂಬ ಪಟ್ಟಿ ಇರುತ್ತದಲ್ಲ, ಅದನ್ನು ತೆರೆದೆ. ಗೇಮ್ ಇರಬಹುದು, ಇನ್ನೇನೋ ಕೆಟ್ಟದ್ದಿರಬಹುದು ಎಂದುಕೊಂಡಿದ್ದೆ. ರಾತ್ರಿ ಒಂದು ಗಂಟೆ, ಎರಡು ಗಂಟೆ, ಮೂರು ಗಂಟೆ. ಸಾಲಾಗಿ ಎಲ್ಲವೂ ಗ್ಯಾಸ್ ಸೋರಿಕೆಯ ವಿಡಿಯೋಗಳು. ಸುಟ್ಟ ಗಾಯ ಎಷ್ಟು ದಿನಕ್ಕೆ ವಾಸಿಯಾಗುತ್ತದೆ. ಸುಟ್ಟ ಗಾಯದಿಂದ ಜನ ಎಷ್ಟು ದಿನದ ಮೇಲೆ ಸಾಯುತ್ತಾರೆ.

ನಾನು ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಮರುದಿನ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಫೋನಿನಲ್ಲೇ ನೆರವಾಗುವ ಸಹಾಯವಾಣಿ, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತಾಡುತ್ತಾರೆ. ನಾನು ಹಿಂದಿಯಲ್ಲೇ ಮಾತಾಡಿದೆ. ಹತ್ತು ನಿಮಿಷ ಬರೀ ಅಳುತ್ತಿದ್ದೆ ಅನ್ನಿ. ಫೋನ್ ಎತ್ತಿದ ಹುಡುಗಿ ಸುಮ್ನೆ ಕೇಳಿಸಿಕೊಂಡಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. "ಅವತ್ತು ಅವನು ಏನು ನೋಡಿದ ಎಂದು ಅವನನ್ನು ಯಾರಾದರೂ ಕೇಳಿದ್ದೀರಾ?"

ಇಲ್ಲ. ಮೂರು ತಿಂಗಳಲ್ಲಿ "ಯಾಕೆ ಹೀಗೆ ಆಡ್ತೀಯ" ಎಂದು ನೂರು ಸಲ ಕೇಳಿದ್ದೆ. ಇದನ್ನು ಒಂದು ಸಲವೂ ಕೇಳಿರಲಿಲ್ಲ.

ಠಾಣೆ ನಗರದಲ್ಲಿ ಮಕ್ಕಳನ್ನು ನೋಡುವ ಒಬ್ಬ ಸೈಕಾಲಜಿಸ್ಟ್ ಹತ್ತಿರ ಹೋಗಲು ಶುರು ಮಾಡಿದೆವು. ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ. ಮೊದಲ ದಿನ ಮಗ ಬರುವುದಿಲ್ಲ ಎಂದು ಹಟ ಹಿಡಿದ. "ನಾನೇನು ಹುಚ್ಚನಾ?" ಅಂದ. "ನಿನಗೆ ನಿದ್ದೆ ಬರ್ತಿಲ್ಲ, ಅದಕ್ಕೆ ಹೋಗೋದು" ಅಂದೆ. ನಿದ್ದೆ ಬರುತ್ತಿಲ್ಲ ಎಂಬುದು ಅವನಿಗೂ ಗೊತ್ತಿತ್ತಲ್ಲ, ಹಾಗಾಗಿ ಬಂದ. ಜಗಳ ಬೇಡ ಎಂದಾಗ ಇಂಥ ನಿಜವಾದ ಚಿಕ್ಕ ಕಾರಣವೊಂದನ್ನು ಹಿಡಿಯುವುದು ಒಳ್ಳೆಯದು.

ಮೇಡಂ ನನಗೂ ಗಂಡನಿಗೂ ಪ್ರತ್ಯೇಕ ಕೂರಿಸಿ ವಿವರಿಸಿದರು. ಇಂಥದ್ದು ನಡೆದ ಮೇಲೆ ಮೊದಲ ಮೂರ್ನಾಲ್ಕು ವಾರ ನಿದ್ದೆ ಕೆಡುವುದು, ಬೆಚ್ಚುವುದು, ರೇಗುವುದು, ಹೊಟ್ಟೆ ತಲೆ ನೋಯುವುದು ಯಾರಿಗೂ ಆಗಬಹುದು. ಮನೆಯವರು ಜೊತೆಗಿದ್ದರೆ ಬಹಳ ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ. ತಿಂಗಳು ದಾಟಿಯೂ ಊಟ, ನಿದ್ದೆ, ಶಾಲೆ, ಗೆಳೆತನ ಹಳಿಗೆ ಬರದಿದ್ದರೆ ಕಾಯುತ್ತಾ ಕೂರಬಾರದು. ಚಿಕ್ಕ ಮಕ್ಕಳು ಹೆದರಿದರೆ ಅಮ್ಮನಿಗೆ ಅಂಟಿಕೊಳ್ಳುತ್ತಾರೆ. ಈ ವಯಸ್ಸಿನವರಿಗೆ ಹೆದರಿಕೆ ತೋರಿಸಲು ನಾಚಿಕೆ. ಅದು ಸಿಟ್ಟಾಗಿ ಹೊರಗೆ ಬರುತ್ತದೆ. ಅಪಾಯ ಬಂದರೆ ಮೆದುಳು ಕ್ಷಣದಲ್ಲಿ ಗಂಟೆ ಬಾರಿಸುತ್ತದೆ. 'ತಡಿ, ಇದು ಬರೀ ಕುಕ್ಕರ್' ಎಂದು ಸಮಾಧಾನ ಮಾಡುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದು ವರ್ಷದವರೆಗೂ ಬೇಕು. ಇವನ ಒಳಗೆ ಗಂಟೆ ಬಾರಿಸಿದ್ದು ನಿಂತೇ ಇರಲಿಲ್ಲ.

ಎಲೆಕೋಸಿನ ಪಲ್ಯದ ಗುಟ್ಟು ಗೊತ್ತಾಗಿದ್ದೂ ಅಲ್ಲೇ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಎಂದು ಮರ್ಕ್ಯಾಪ್ಟನ್ ಎಂಬ ವಸ್ತು ಬೆರೆಸುತ್ತಾರೆ. ಅದರ ವಾಸನೆ ಕೊಳೆತ ಎಲೆಕೋಸಿನ ಹಾಗೆಯೇ ಇರುತ್ತದೆ. ನಾನು ತಟ್ಟೆಗೆ ಪಲ್ಯ ಬಡಿಸುತ್ತಿದ್ದೆ, ಅವನ ಮೂಗಿಗೆ ಆ ಭಾನುವಾರ ಬರುತ್ತಿತ್ತು.

ಮೇಡಂ ಅವನನ್ನು ಒಂದೇ ದಿನದಲ್ಲಿ ಎಲ್ಲ ಹೇಳು ಎಂದು ಒತ್ತಾಯಿಸಲಿಲ್ಲ. ನನಗೂ ಅದೇ ಹೇಳಿದರು. ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಪಕ್ಕದಲ್ಲಿ ಕೂರಿ, ನಡೆಯಿರಿ, ಏನಾದರೂ ಕೆಲಸ ಮಾಡುತ್ತಾ ಇರಿ. ಮಾತು ಬಂದಾಗ ಬರಲಿ.

ಅದು ಬಂದಿದ್ದು ಸ್ಲೋ ಲೋಕಲ್ ರೈಲಿನಲ್ಲಿ. ಮೂರನೇ ಶನಿವಾರ ಠಾಣೆಯಿಂದ ವಾಪಸ್ ಬರುತ್ತಿದ್ದೆವು. ಕಿಟಕಿ ಪಕ್ಕ ಅವನು, ಅವನ ಪಕ್ಕ ನಾನು. ಕಳವಾ ದಾಟಿತು. ಅವನು ಹೊರಗೆ ನೋಡುತ್ತಲೇ ಹೇಳಿದ. "ನಂಗೆ ವಾಸನೆ ಬಂದಿತ್ತು ಅಮ್ಮ."

ನಾನು ತಿರುಗಲಿಲ್ಲ. "ಹೂಂ" ಅಂದೆ.

"ಗಲ್ಲಾದಲ್ಲಿ ಕೂತಾಗ್ಲೇ ವಾಸನೆ ಬಂತು. ಹೇಳ್ಬೇಕು ಅಂದ್ಕೊಂಡೆ. ವಿಡಿಯೋ ಮುಗೀಲಿ ಅಂತ ಕೂತೆ. ಅಷ್ಟರಲ್ಲಿ ಅಣ್ಣ..."

ಮುಂಬ್ರಾ ಬಂತು, ಹೋಯಿತು. ದಿವಾದಲ್ಲಿ ಜನ ನುಗ್ಗಿದರು. ಅವನು ನನ್ನ ಹೆಗಲಿಗೆ ಮುಖ ಒತ್ತಿ ಅಳುತ್ತಿದ್ದ. ಎದುರಿಗೆ ಕೂತಿದ್ದ ಒಬ್ಬ ಹಿರಿಯರು ಏನೂ ಕೇಳದೆ ನೀರಿನ ಬಾಟಲಿ ಮುಂದೆ ಹಿಡಿದರು. ಕೋಪರ್ ಬರುವ ಹೊತ್ತಿಗೆ ಇನ್ನೂ ಒಂದು ಮಾತು ಹೇಳಿದ. "ನಿಮಗೆಲ್ಲ ಗೊತ್ತು ಅಂತ ನಂಗೆ ಗೊತ್ತು. ಅದಕ್ಕೇ ನಾನು ಬಂದ್ರೆ ಮಾತು ನಿಲ್ಲಿಸ್ತೀರಲ್ವಾ?"

ನೋಡಿ, ನಮ್ಮ ಮೌನವನ್ನು ಆ ಮಗು ಹೇಗೆ ಓದಿಕೊಂಡಿತ್ತು! ಅವನಿಗೆ ನೋವಾಗಬಾರದು ಎಂದು ನಾವು ಸುಮ್ಮನಿದ್ದೆವು. ತಾನು ತಪ್ಪಿತಸ್ಥ, ಇವರು ಬಾಯಿ ಬಿಟ್ಟು ಹೇಳುತ್ತಿಲ್ಲ ಎಂದು ಅವನು ತಿಳಿದಿದ್ದ. ಮೂರು ತಿಂಗಳು ಒಬ್ಬನೇ ಅದನ್ನು ಹೊತ್ತಿದ್ದ. ನಾನು ಅದಕ್ಕೆ ಧಿಮಾಕು ಎಂದು ಹೆಸರಿಟ್ಟಿದ್ದೆ.

ರಾತ್ರಿ ಗಂಡನಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಮಗನ ಕೋಣೆಗೆ ಹೋದರು. ನಾನು ಬಾಗಿಲ ಹೊರಗೆ ನಿಂತಿದ್ದೆ. "ಪೈಪ್ ಹಳೇದಾಗಿದೆ, ಬದಲಿಸಬೇಕು ಅಂತ ನಾನು ಎರಡು ವಾರದಿಂದ ಅಂದ್ಕೊಳ್ತಾ ಇದ್ದೆ ಮಗಾ. ಇವತ್ತು ನಾಳೆ ಅಂತ ತಳ್ಳಿದೆ. ಅದು ನಿಂದಲ್ಲ. ಅದನ್ನ ನೋಡ್ಕೊಳ್ಳೋ ಕೆಲಸ ನಂದು. ನಂಗೂ ರಾತ್ರಿ ನಿದ್ದೆ ಬರ್ತಿಲ್ಲ." ನನ್ನ ಗಂಡ ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಅಪ್ಪ ಮಗ ಒಂದೇ ಮನೆಯಲ್ಲಿ, ಗೋಡೆಯ ಆಚೆ ಈಚೆ, ಒಂದೇ ತಪ್ಪನ್ನು ತಮ್ಮ ತಮ್ಮ ತಲೆ ಮೇಲೆ ಹೊತ್ತು ಎದ್ದು ಕೂತಿದ್ದರು.

ಆಮೇಲೆ ಎಲ್ಲ ಸರಿಹೋಯಿತು ಎಂದರೆ ಸುಳ್ಳು. ಬಹಳ ಕೆಲಸ ಅಲ್ಲಿಂದಲೇ ಶುರುವಾಯಿತು. ಮೇಡಂ ಅವನ ಹತ್ತಿರ ಒಂದು ಹಾಳೆಯಲ್ಲಿ ಆ ಸಂಜೆಯ ಅರ್ಧ ಗಂಟೆಯನ್ನು ನಿಮಿಷ ನಿಮಿಷವಾಗಿ ಬರೆಸಿದರು. ಒಂದು ಕಡೆ 'ಆಗ ನನಗೆ ಗೊತ್ತಿದ್ದದ್ದು', ಇನ್ನೊಂದು ಕಡೆ 'ಈಗ ಗೊತ್ತಿರುವುದು'. ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ ಎಂದು ಆಗ ಗೊತ್ತಿತ್ತಾ? ಇಲ್ಲ. ಹಿಂಬಾಗಿಲು ಮುಚ್ಚಿದೆ ಎಂದು? ಇಲ್ಲ. ಹೋಟೆಲ್‌ನಲ್ಲಿ ಆ ವಾಸನೆ ಮೊದಲೂ ಬಂದಿತ್ತಾ? ಹೌದು, ಸಿಲಿಂಡರ್ ಬದಲಿಸುವಾಗೆಲ್ಲ ಬರುತ್ತಿತ್ತು. ಆ ಹಾಳೆ ಇವತ್ತಿಗೂ ಅವನ ಡ್ರಾಯರ್‌ನಲ್ಲಿದೆ. ಗ್ಯಾಸ್ ಸೋರಿದರೆ 1906ಕ್ಕೆ ಫೋನ್ ಮಾಡಬೇಕು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಹೋಟೆಲ್‌ಗೆ ಕಳಿಸಿದ್ದೂ ಅವನೇ. ಏನೋ ಒಂದು ಮಾಡಿದೆ ಎಂಬ ಸಮಾಧಾನ ಮಕ್ಕಳಿಗೂ ಬೇಕು.

ಕುಕ್ಕರ್ ವಿಷಯಕ್ಕೆ ಬರುತ್ತೇನೆ. ಅವನಿಗಾಗಿ ನಾನು ಕುಕ್ಕರ್ ಬಿಟ್ಟು ಪಾತ್ರೆಯಲ್ಲೇ ಬೇಳೆ ಬೇಯಿಸತೊಡಗಿದ್ದೆ. ಮೇಡಂ ಬೇಡ ಅಂದರು. ಹೆದರಿಕೆಯಿಂದ ದೂರ ಓಡಿದಷ್ಟೂ ಅದು ದೊಡ್ಡದಾಗುತ್ತದೆ. ಆದರೆ ಎಳೆದು ತಂದು ನಿಲ್ಲಿಸುವ ಹಾಗೂ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಮೊದಲ ವಾರ ಕುಕ್ಕರ್ ಇಡುವ ಮೊದಲು ಅವನಿಗೆ ಹೇಳುತ್ತಿದ್ದೆ. ಅವನು ಕಟ್ಟಡದ ಕೆಳಗೆ ನಿಂತಿರುತ್ತಿದ್ದ. ಆಮೇಲೆ ಬಾಗಿಲ ಹೊರಗೆ. ಆಮೇಲೆ ಹಾಲ್‌ನಲ್ಲಿ, ನಿಧಾನಕ್ಕೆ ಉಸಿರು ಬಿಡುತ್ತಾ. ಒಂದೊಂದು ಮೆಟ್ಟಿಲಿಗೂ ವಾರ, ಹತ್ತು ದಿನ. ನಡುವೆ ದೀಪಾವಳಿ ಬಂತು, ಎರಡು ಮೆಟ್ಟಿಲು ಹಿಂದೆ ಹೋದ. ಬೆಳಿಗ್ಗೆ ಫಡ್ಕೆ ರಸ್ತೆಯಲ್ಲಿ ಊರಿನ ಹುಡುಗ ಹುಡುಗಿಯರೆಲ್ಲ ಹೊಸ ಬಟ್ಟೆ ಹಾಕಿ ಸೇರುತ್ತಾರೆ. ಗೆಳೆಯರು ಕರೆದರೂ ಇವನು ಹೋಗಲಿಲ್ಲ. ಕಿಟಕಿ ಮುಚ್ಚಿ, ಕಿವಿಗೆ ಹತ್ತಿ ಕೊಟ್ಟು, ಅವನ ಜೊತೆ ಕೂತು ಕೇರಂ ಆಡಿದೆವು.

ಫೋನ್ ರಾತ್ರಿ ಹತ್ತಕ್ಕೆ ಹಾಲ್‌ನಲ್ಲಿ ಚಾರ್ಜಿಗೆ. ಅವನದಷ್ಟೇ ಅಲ್ಲ, ನಮ್ಮದೂ. ಸಂಜೆ ಅಪ್ಪನ ಜೊತೆ ಭಾಗಶಾಲಾ ಮೈದಾನದ ಸುತ್ತ ನಡಿಗೆ. ಶಾಲೆಗೆ ಹೋಗಿ ನಡೆದದ್ದನ್ನೆಲ್ಲ ನಾನೇ ಹೇಳಿ ಬಂದೆ. ಸದ್ದಾದರೆ ಐದು ನಿಮಿಷ ಹೊರಗೆ ಹೋಗಿ ಬರಲು ಒಪ್ಪಿದರು. ತುಟಿ ಒಡೆಸಿಕೊಂಡ ಹುಡುಗನ ಮನೆಗೆ ಮಗನನ್ನು ಕರೆದುಕೊಂಡು ಹೋಗಿ ಕ್ಷಮೆ ಕೇಳಿಸಿದೆ. ಇದರಲ್ಲಿ ಮಾತ್ರ ನಾನು ಬಿಟ್ಟುಕೊಡಲಿಲ್ಲ. ಸಿಟ್ಟು ಬರಲಿ, ಕೈ ಎತ್ತುವ ಹಾಗಿಲ್ಲ. ಸಂಕಟದಲ್ಲಿರುವ ಮಗುವಿಗೂ ಗೆರೆ ಎಲ್ಲಿದೆ ಎಂದು ಗೊತ್ತಿದ್ದರೆ ಧೈರ್ಯ ಎಂದು ನನಗೆ ಅನ್ನಿಸುತ್ತದೆ.

ಒಂದು ಪ್ರಶ್ನೆ ಕೇಳಲು ನಾನು ಬಹಳ ಹೆದರಿದ್ದೆ. "ಸಾಯ್ಬೇಕು ಅಂತ ಯಾವತ್ತಾದ್ರೂ ಅನ್ನಿಸಿದ್ಯಾ ಮಗಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಎಂದುಕೊಂಡಿದ್ದೆ. ಹಾಗಾಗುವುದಿಲ್ಲ, ನೇರವಾಗಿ ಕೇಳಿ ಎಂದರು ಮೇಡಂ. ಹೌದು ಎಂದರೆ ಒಬ್ಬನೇ ಬಿಡಬೇಡಿ, ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದೂ ಹೇಳಿದ್ದರು. ಕೇಳಿದೆ. "ಅಷ್ಟೆಲ್ಲ ಇಲ್ಲ ಅಮ್ಮ. ಕಾಣೆಯಾಗಿ ಹೋಗಬೇಕು ಅನ್ನಿಸ್ತಿತ್ತು" ಅಂದ. ಅದನ್ನು ಅವತ್ತೇ ಮೇಡಂಗೆ ಫೋನ್ ಮಾಡಿ ಹೇಳಿದೆ. ಕೇಳದೇ ಇದ್ದಿದ್ದರೆ ಅಷ್ಟೂ ಗೊತ್ತಾಗುತ್ತಿರಲಿಲ್ಲ.

ದೋಸೆ ಅಣ್ಣ ಆಸ್ಪತ್ರೆಯಿಂದ ಊರಿಗೆ ಹೋಗಿ ಆರು ತಿಂಗಳು ಇದ್ದು ವಾಪಸ್ ಬಂದರು. ಮೊದಲು ನಮ್ಮ ಮನೆಗೇ ಬಂದರು. ಬಲಗೈ ಚರ್ಮ ಬಿಗಿದಿತ್ತು, ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಮಗ ಬಾಗಿಲ ಮೂಲೆಯಲ್ಲಿ ನಿಂತು ಆ ಕೈಯನ್ನೇ ನೋಡುತ್ತಿದ್ದ. ವಾಸನೆಯ ವಿಷಯವನ್ನು ಅವನೇ ಹೇಳಿದ, ನಮ್ಮೆಲ್ಲರ ಮುಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ವಾಸನೆ ನಂಗೂ ಬಂದಿತ್ತು ಮಾರಾಯ. ಇಪ್ಪತ್ತು ವರ್ಷದಿಂದ ಒಲೆ ಮುಂದೆ ನಿಂತವನು ನಾನು. ನಂಗೇ ತಿಳೀಲಿಲ್ಲ, ನಿಂಗೆ ಹ್ಯಾಗೆ ತಿಳೀಬೇಕು?" ಅಂದರು. ಆಮೇಲೆ ಅದೇ ಕೈಯಿಂದ ಅವನ ತಲೆ ಸವರಿದರು.

ಅವನಿಗೆ ಈಗ ಸುಮಾರಾಗಿ ನಿದ್ದೆ ಬರುತ್ತದೆ. ಎಲೆಕೋಸು ಇನ್ನೂ ತಿನ್ನುವುದಿಲ್ಲ, ನಾನು ಮಾಡುವುದೂ ಇಲ್ಲ. ಕುಕ್ಕರ್ ಕೂಗಿದರೆ ಭುಜ ಒಂದು ಸಲ ಅದುರುತ್ತದೆ, ಪೆನ್ನು ನಿಲ್ಲುತ್ತದೆ, ಮತ್ತೆ ಬರೆಯುತ್ತಾನೆ. ಕಳೆದ ಭಾನುವಾರ ಮೊದಲ ಸಲ ಹೋಟೆಲ್‌ಗೆ ಬರುತ್ತೇನೆ ಅಂದ. ಗಲ್ಲಾಕ್ಕೆ ಹೋಗಲಿಲ್ಲ. ಹೊರಗಿನ ಟೇಬಲ್‌ನಲ್ಲಿ, ಅಡುಗೆಕೋಣೆಯ ಬಾಗಿಲು ಕಾಣುವ ಕಡೆ ಮುಖ ಮಾಡಿ ಕೂತ. ಒಳಗಿನಿಂದ ಒಂದು ತಟ್ಟೆ ಬಂತು. ಅದರಲ್ಲಿ ಮೀನಿನ ಆಕಾರದ ದೋಸೆ, ಬಾಲ ಸ್ವಲ್ಪ ಸೊಟ್ಟ. ಅರ್ಧ ತಿಂದ. "ಹೋಗೋಣ ಅಮ್ಮ" ಅಂದ. ಎದ್ದು ಬಂದೆವು. ಮುಂದಿನ ಭಾನುವಾರ ಮತ್ತೆ ಹೋಗುತ್ತೇವೆ.